ಸಂತ ಯೊವಾನ್ನರ ಹಬ್ಬದ ಬೆಂಕಿ: ಫ್ರೇಜರ್ ವಾದದ ವಿಮರ್ಶೆ

ಯುರೋಪಿನ ಅನೇಕ ಊರುಗಳಲ್ಲಿ ಜೂನ್ 23ರ ಇರುಳು, ಸ್ನಾನಿಕ ಯೊವಾನ್ನರ ಜನನೋತ್ಸವದ ಮುನ್ನಾದಿನ, ಬೆಟ್ಟಗಳ ನೆತ್ತಿಯಲ್ಲೂ ಊರ ಬಯಲಿನಲ್ಲೂ ಬೆಂಕಿ ಉರಿಸುವ ಪದ್ಧತಿಯಿದೆ. ಉತ್ತರ ಗೋಳದಲ್ಲಿ ಹಗಲು ಅತಿ ದೀರ್ಘವಾಗಿರುವ ಅಯನಕಾಲವದು. ಈ ಪದ್ಧತಿಯ ಮೂಲವನ್ನು ಕುರಿತು ಇಂದಿಗೂ ಚಾಲ್ತಿಯಲ್ಲಿರುವ ಅಭಿಪ್ರಾಯಕ್ಕೆ ಹೆಚ್ಚಿನ ಪ್ರಚಾರ ನೀಡಿದ ಗ್ರಂಥ ಜೇಮ್ಸ್ ಜಾರ್ಜ್ ಫ್ರೇಜರ್ ಅವರ 'ದಿ ಗೋಲ್ಡನ್ ಬೌ'. 1890ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಈ ಗ್ರಂಥದ ಮೂರನೆಯ ಆವೃತ್ತಿಯಲ್ಲಿ 'ಬಾಲ್ಡರ್ ದಿ ಬ್ಯೂಟಿಫುಲ್' (1913) ಎಂಬ ಭಾಗವು ಅಗ್ನಿ ಉತ್ಸವಗಳನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಕ್ರಿಸ್ತಪೂರ್ವದ ಉತ್ಸವವೊಂದರ ಮೇಲೆ ಧರ್ಮಸಭೆಯು ಸಂತರೊಬ್ಬರ ಹೆಸರನ್ನು ತೆಳುವಾಗಿ ಬಳಿಯಿತು ಎಂಬುದು ಅಲ್ಲಿಯ ನಿಲುವಿನ ಸಾರ. ಈ ನಿಲುವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಫ್ರೇಜರ್ ಅವರ ಪರಿಶ್ರಮವನ್ನು ನಾವು ಹಗುರವಾಗಿ ಕಾಣಲಾರೆವು. ಹಳ್ಳಿಗಾಡಿನ ಆಚರಣೆಗಳನ್ನು ಅಷ್ಟು ವಿಸ್ತಾರವಾಗಿ ಒಂದೆಡೆ ಕೂಡಿಸಿದವರು ವಿರಳ. ಅವರ ಪ್ರಾಮಾಣಿಕತೆಯೂ ಮೆಚ್ಚತಕ್ಕದ್ದು. ಬೆಂಕಿಯು ಸೂರ್ಯನ ಶಕ್ತಿಯನ್ನು ಕಾಯುವ ಮಾಂತ್ರಿಕ ಕ್ರಿಯೆಯೆಂಬ ಮಾನ್‌ಹಾರ್ಟರ ವಾದವನ್ನು ಮೊದಲು ಒಪ್ಪಿದ್ದ ಅವರು, ಅದು ಕೇಡನ್ನು ಸುಡುವ ಶುದ್ಧೀಕರಣವೆಂಬ ವೆಸ್ಟರ್‌ಮಾರ್ಕರ ವಾದದತ್ತ ಅನಂತರ ವಾಲಿದರು. ಆದರೆ ಎರಡು ವಾದಗಳಲ್ಲೂ ಯೊವಾನ್ನರಿಗೆ ಸ್ಥಾನವಿಲ್ಲ. ಈ ದೋಷದ ಬೇರು ವಿಧಾನದಲ್ಲಿದೆ. ಇತ್ತೀಚಿನ ಶತಮಾನಗಳ ರೈತರ ನಡಾವಳಿಯನ್ನು ಇತಿಹಾಸಪೂರ್ವ ಧರ್ಮದ ಸಾಕ್ಷಿಯೆಂದು ಎಣಿಸಿದಾಗ, ನಡುವಣ ಸಾವಿರಕ್ಕೂ ಮಿಕ್ಕ ವರ್ಷಗಳ ಕ್ರೈಸ್ತ ಆರಾಧನೆಯು ಬರಿಯ ಹೊದಿಕೆಯಾಗಿಬಿಡುತ್ತದೆ.

ಆ ನಡುಗಾಲದ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಈ ಹಬ್ಬದಂದು ಕೆಲವು ಕ್ರೈಸ್ತರು ಅನ್ಯಮತೀಯ ಪದ್ಧತಿಯಂತೆ ಸಮುದ್ರಸ್ನಾನ ಮಾಡುವುದನ್ನು ಸಂತ ಅಗಸ್ಟೀನರು ಖಂಡಿಸಿದರು. ಸಂತ ಎಲಿಜಿಯಸರ ಚರಿತ್ರೆಯೂ ಈ ದಿನದ ಅಯನಾಚರಣೆಗಳನ್ನು ನಿಷೇಧಿಸುತ್ತದೆ. ಆದುದರಿಂದ ಹಳೆಯ ಆಚರಣೆಗಳು ಹಬ್ಬದ ಮಗ್ಗುಲಲ್ಲೇ ಇದ್ದವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಬ್ಬವು ಅವುಗಳ ಅನುಕರಣೆಯಲ್ಲ. ಎಲಿಜಬೇತಳು ಆರು ತಿಂಗಳ ಗರ್ಭಿಣಿಯೆಂಬ ಶುಭಸಂದೇಶದ ಮಾತಿನಿಂದ (ಲೂಕ 1:36), ಕ್ರಿಸ್ತಜಯಂತಿಗೆ ಆರು ತಿಂಗಳು ಮುಂಚಿನ ದಿನವು ಯೊವಾನ್ನರದಾಯಿತು. ಯೊವಾನ್ನರು ಹಗಲು ಕುಗ್ಗತೊಡಗುವಾಗ, ಕ್ರಿಸ್ತರು ಹಗಲು ಹಿಗ್ಗತೊಡಗುವಾಗ ಜನಿಸಿದರೆಂದು ಬೋಧಿಸಿದ ಅಗಸ್ಟೀನರು ಇದನ್ನು ಯೊವಾನ್ನ 3:30ರೊಡನೆ ಜೋಡಿಸಿದರು. 12ನೆಯ ಶತಮಾನದಲ್ಲಿ ಜಾನ್ ಬೆಲೆತ್ ಈ ಹಬ್ಬದ ಪಂಜುಗಳನ್ನು ಯೊವಾನ್ನ 5:35ರ ದೀಪವೆಂದೂ, ಉರುಳಿಸುವ ಚಕ್ರವನ್ನು ತುದಿಗೇರಿ ಇಳಿಯುವ ಸೂರ್ಯನಂತೆ ಇಳಿದ ಯೊವಾನ್ನರ ಕೀರ್ತಿಯೆಂದೂ ವ್ಯಾಖ್ಯಾನಿಸಿದರು. ರೋಮನ್ ವಿಧಿಗ್ರಂಥವು ಈ ಬೆಂಕಿಯನ್ನು ಆಶೀರ್ವದಿಸುವ ಪ್ರಾರ್ಥನೆಗೇ ಎಡೆಕೊಟ್ಟಿತು. ಇದನ್ನು ಹೊದಿಕೆಯೆನ್ನಲಾಗದು, ಇದು ಅರ್ಥದ ಪರಿವರ್ತನೆ.

ನಮ್ಮ ನೆರೆಯ ಗೋವೆ ಇದಕ್ಕೆ ಇನ್ನೊಂದು ಸಾಕ್ಷಿ. ಮುಂಗಾರಿನಲ್ಲಿ ಬರುವ ಇದೇ ಹಬ್ಬದಂದು ಅಲ್ಲಿಯ ಜನರು ಬಾವಿ, ಕೆರೆಗಳಿಗೆ ಧುಮುಕುತ್ತಾರೆ. ತಾಯಿಯ ಗರ್ಭದಲ್ಲಿ ನಲಿದಾಡಿದ ಶಿಶುವನ್ನು ಅದರಲ್ಲಿ ಸ್ಮರಿಸುತ್ತಾರೆ. ಸಂಕೇತ ಬದಲಾಯಿತು, ಸಂತರು ಉಳಿದರು.

ಫ್ರೇಜರ್ ಅವರ ವಾದವನ್ನು ಒಪ್ಪಿದರೆ, ಆಧುನಿಕ ಪುನರುಜ್ಜೀವನವನ್ನು ಪುರಾತನದ ಮರಳುವಿಕೆಯೆಂದೇ ಕಾಣಬೇಕಾಗುತ್ತದೆ. ವಾಸ್ತವ ಹಾಗಿಲ್ಲ. ಕಾರ್ನ್‌ವಾಲ್‌ನಲ್ಲಿ 1929ರಲ್ಲಿ ಈ ಬೆಂಕಿಗಳಿಗೆ ಮರುಹುಟ್ಟು ನೀಡಿದ ಓಲ್ಡ್ ಕಾರ್ನ್‌ವಾಲ್ ಸೊಸೈಟಿಗಳ ಗುರಿ, ನಶಿಸುತ್ತಿದ್ದ ಕಾರ್ನಿಷ್ ಭಾಷೆ ಹಾಗೂ ಪರಂಪರೆಯ ರಕ್ಷಣೆ. ಅವುಗಳ ಧ್ಯೇಯವಾಕ್ಯದ ಮೂಲ ಯೊವಾನ್ನ 6:12. ಫ್ರಾನ್ಸಿನ ಕಾನಿಗೋ ಶಿಖರದಲ್ಲಿ 1955ರಲ್ಲಿ ಹೊತ್ತಿದ ಜ್ವಾಲೆಯ ಹಿಂದಿನ ಪ್ರೇರಣೆ ವೆರ್ದಾಗೆರ್ ಎಂಬ ಗುರುವಿನ 1886ರ ಕಾವ್ಯ. ಅದು ಇಂದು ಕ್ಯಾಟಲನ್ ನಾಡುಗಳ ಐಕ್ಯದ ಗುರುತು. ಪಿರೆನೀಸ್ ಪರ್ವತಸೀಮೆಯ ಅಗ್ನಿ ಉತ್ಸವಗಳನ್ನು ಯುನೆಸ್ಕೋ 2015ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೆಸರಿಸಿದ್ದು ಅಯನವನ್ನು, ಸಂತರನ್ನಲ್ಲ. ನುಡಿಯನ್ನೂ ನೆಲವನ್ನೂ ಪ್ರೀತಿಸುವುದು ತಪ್ಪಲ್ಲ. ಆದರೆ ಬೆಂಕಿಯು ಸಮುದಾಯದ ಸ್ವಂತ ಮಹಿಮೆಯನ್ನಷ್ಟೇ ಬೆಳಗಿದಾಗ, ತಾನು ಕುಗ್ಗಿ ಮತ್ತೊಬ್ಬರಿಗೆ ದಾರಿ ಬಿಟ್ಟ ಯೊವಾನ್ನರ ಸಾಕ್ಷ್ಯ ಅಲ್ಲಿ ಮೌನವಾಗುತ್ತದೆ.

ಇದು ದೂರದ ಯುರೋಪಿನ ಪ್ರಶ್ನೆ ಮಾತ್ರವಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಜನಪದ ಆಚರಣೆಯೊಂದು ಎದುರಾದಾಗ, ಅದರ ಮೂಲ ಅನ್ಯವೆಂದು ತಳ್ಳುವವರೂ ಪುರಾತನವೆಂದು ಕೊಂಡಾಡುವವರೂ ಫ್ರೇಜರ್ ಅವರ ತಕ್ಕಡಿಯನ್ನೇ ಹಿಡಿದಿರುತ್ತಾರೆ. ಇಬ್ಬರಿಗೂ ಮೂಲವೇ ತೀರ್ಪು. ಪಾಸ್ಕ ಜಾಗರಣೆಯಲ್ಲಿ ಹೊಸ ಬೆಂಕಿಯನ್ನು ಆಶೀರ್ವದಿಸುವ ಗುರುವು ಆ ಬೆಂಕಿಯ ಪೂರ್ವಚರಿತ್ರೆಯನ್ನು ಕೇಳುವುದಿಲ್ಲ. ಅದರಿಂದ ಪಾಸ್ಕ ದೀಪವನ್ನು ಹೊತ್ತಿಸುತ್ತಾನೆ. ಗುರುಗಳಾದ ನಾವು ಯಾವ ಆಚರಣೆಯ ಮುಂದೆಯೂ ಮೊದಲು ಕೇಳಬೇಕಾದುದು ಇದನ್ನೇ: ಈ ಬೆಳಕು ಯಾರನ್ನು ತೋರಿಸುತ್ತದೆ?