ಮರೆತವರು ಯಾರು?

ಇಂಗ್ಲಿಷಿನ ಕೆಲವು ಪದಗಳು ಕಲಿಯಲು ಬಹಳ ಸುಲಭವೆನಿಸುತ್ತವೆ. ‘ಫರ್ಗಾಟನ್’ ಅಂಥದೊಂದು ಪದ. ಫರ್ಗೆಟ್, ಫರ್ಗಾಟ್, ಫರ್ಗಾಟನ್ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ‘ಮರೆತ’ ಎನ್ನುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಪದದ ಅರ್ಥ ತಿಳಿಯುವುದು ಬೇರೆ, ಅದನ್ನು ಎಲ್ಲಿ, ಯಾರ ಬಗ್ಗೆ ಬಳಸಬೇಕೆಂದು ತಿಳಿಯುವುದು ಬೇರೆ. ಅದನ್ನು ತಿಳಿಯಲು ಹೊಸಪೇಟೆ ಸೀಮೆಯ ನಮಗೆ ದೂರ ಹೋಗಬೇಕಾಗಿಲ್ಲ. ಹಂಪೆಯ ಮೇಲೆ ಬಂದ ಬಹು ಪ್ರಸಿದ್ಧ ಇಂಗ್ಲಿಷ್ ಪುಸ್ತಕದ ಹೆಸರೇ ‘ಎ ಫರ್ಗಾಟನ್ ಎಂಪೈರ್’. ಮದರಾಸು ಸಿವಿಲ್ ಸರ್ವಿಸಿನಲ್ಲಿದ್ದು ನಿವೃತ್ತರಾದ ರಾಬರ್ಟ್ ಸೆವೆಲ್ ಅವರು ಅದನ್ನು 1900ರಲ್ಲಿ ಪ್ರಕಟಿಸಿದರು.

ಪುಸ್ತಕದ ಉಪಕಾರವನ್ನು ಮೊದಲು ಹೇಳಬೇಕು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯಸ್, ಅವನ ನಂತರ ಅಚ್ಯುತರಾಯನ ಕಾಲದಲ್ಲಿ ಬರೆದ ಫೆರ್ನಾವ್ ನೂನಿಜ್ ಇಬ್ಬರೂ ಪೋರ್ಚುಗೀಸರು. ಅವರ ಬರಹಗಳು ಪ್ಯಾರಿಸಿನ ಗ್ರಂಥಾಲಯದಲ್ಲಿದ್ದವು. 1897ರಲ್ಲಿ ಡೇವಿಡ್ ಲೋಪೆಸ್ ಅವನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮೂರೇ ವರ್ಷದಲ್ಲಿ ಸೆವೆಲ್ ಅವನ್ನು ಇಂಗ್ಲಿಷಿಗೆ ತಂದು ತಮ್ಮ ಪುಸ್ತಕದಲ್ಲಿ ಸೇರಿಸಿದರು. ನಮ್ಮ ಪೇಟೆಬೀದಿಗಳ ಸಿರಿ, ಮಹಾನವಮಿಯ ವೈಭವ, ಕುಸ್ತಿಯಾಡುತ್ತಿದ್ದ ಹೆಂಗಸರ ಸಂಗತಿ ಇಂದು ನಮಗೆ ಇಷ್ಟು ಸಲೀಸಾಗಿ ಸಿಗುತ್ತಿರುವುದು ಆ ಅನುವಾದದ ದೆಸೆಯಿಂದ. ಅದಕ್ಕೆ ನಾವು ಋಣಿಗಳು. ನನ್ನ ತಕರಾರು ಪುಸ್ತಕದ ಹೆಸರಿನಲ್ಲಿರುವ ಒಂದು ಪದದ ಬಗ್ಗೆ ಮಾತ್ರ.

ವ್ಯಾಕರಣದಿಂದ ಶುರು ಮಾಡೋಣ. ‘ಫರ್ಗಾಟನ್’ ಕರ್ಮಣಿಯ ರೂಪ. ಮರೆತ ವಸ್ತುವನ್ನು ಅದು ಮುಂದೆ ನಿಲ್ಲಿಸುತ್ತದೆ, ಮರೆತವರನ್ನು ಬಾಗಿಲ ಹಿಂದೆ ಬಚ್ಚಿಡುತ್ತದೆ. ಮರೆಗುಳಿಗೆ ಇಂಗ್ಲಿಷಿನಲ್ಲಿ ‘ಫರ್ಗೆಟ್‌ಫುಲ್’ ಎಂಬ ಬೇರೆ ಪದವಿದೆ. ಪುಸ್ತಕದ ಹೆಸರಿನಲ್ಲಿ ಆ ಮರೆಗುಳಿಯ ಸುಳಿವೇ ಇಲ್ಲ. ಕನ್ನಡದ ಜಾಯಮಾನ ಹೀಗಲ್ಲ. ‘ನಾನು ಮರೆತೆ’ ಎನ್ನುತ್ತೇವೆ, ತುಸು ತಪ್ಪಿಸಿಕೊಳ್ಳಬೇಕಾದರೆ ‘ನನಗೆ ಮರೆತುಹೋಯಿತು’ ಎನ್ನುತ್ತೇವೆ. ಎರಡರಲ್ಲೂ ‘ನಾನು’ ಇದ್ದೇ ಇದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿಹೋದರೆ ‘ಹಾಲು ಮರೆಯಲ್ಪಟ್ಟಿತು’ ಎಂದು ಯಾವ ಸೊಸೆಯೂ ಹೇಳುವುದಿಲ್ಲ. ಹೇಳಿದರೂ ಅತ್ತೆ ಸುಮ್ಮನೆ ಬಿಡುವುದಿಲ್ಲ! ‘ಮರೆತ ಸಾಮ್ರಾಜ್ಯ’ ಎಂದು ಕನ್ನಡದಲ್ಲಿ ಬರೆದ ಕೂಡಲೇ ‘ಯಾರು ಮರೆತದ್ದು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಯಾರು ಮರೆತರು? 1565ರ ಯುದ್ಧದ ನಂತರ ರಾಜಧಾನಿ ಬರಿದಾಯಿತು, ನಿಜ. ಆದರೆ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಉಳಿಯಿತು. ಇಂದಿಗೂ ಚಳಿಗಾಲಕ್ಕೆ ಪಂಪಾದೇವಿಯ ನಿಶ್ಚಿತಾರ್ಥವಾಗಿ ಫಲಪೂಜೆ ನಡೆಯುತ್ತದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಜನ ಆ ತೇರಿಗೆ ಬರುವುದು ಇಂಗ್ಲಿಷ್ ಪುಸ್ತಕ ಓದಿಕೊಂಡಲ್ಲ. ವಿಜಯನಗರದ ಕಾಲದ ಬಸವಣ್ಣ ಕಾಲುವೆ, ತುರ್ತು ಕಾಲುವೆಗಳ ನೀರು ಇಂದಿಗೂ ಗದ್ದೆಗೆ, ಬಾಳೆತೋಟಕ್ಕೆ ಹರಿಯುತ್ತಿದೆ. ಇನ್ನು ನಮ್ಮ ಓಣಿಗಳಿಗೆ ಬನ್ನಿ. ಹಂಪಮ್ಮ, ಹಂಪಣ್ಣ, ಪಂಪಾಪತಿ, ವಿರೂಪಾಕ್ಷಿ ಇಲ್ಲದ ಓಣಿ ಯಾವುದು? ದಿನಾ ಊಟಕ್ಕೆ ಕರೆಯುವ ಹೆಸರಿನಲ್ಲಿ ಇರುವ ಊರನ್ನು ಮರೆಯುವುದಾದರೂ ಹೇಗೆ?

ಕಂಪ್ಲಿಯ ಮಾತು ಇನ್ನೂ ಹಳೆಯದು. ಕಂಪಿಲರಾಯನ ಪುಟ್ಟ ರಾಜ್ಯ ದೆಹಲಿಯ ಸೈನ್ಯಕ್ಕೆ ಸೋತದ್ದು 1327ರ ಸುಮಾರಿಗೆ, ವಿಜಯನಗರ ಹುಟ್ಟುವುದಕ್ಕೂ ಮೊದಲು. ಆದರೂ ಅವನ ಮಗ ಕುಮಾರರಾಮನ ಕಥೆಯನ್ನು ಜನ ಹಾಡಿಕೊಂಡು ಬಂದರು, ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ಅಂಥ ಸಣ್ಣ ರಾಜ್ಯವನ್ನೇ ಮರೆಯದ ಸೀಮೆ ಸಾಮ್ರಾಜ್ಯವನ್ನು ಮರೆತೀತೆ?

ಹಾಗಾದರೆ ಮರೆತವರು ಇಂಗ್ಲಿಷರೇ ಎನ್ನೋಣವೆಂದರೆ ಅದೂ ಪೂರ್ತಿ ಸರಿಯಲ್ಲ. ಕಾಲಿನ್ ಮೆಕೆಂಜಿ 1799ರಲ್ಲೇ ಹಂಪೆಯ ನಕ್ಷೆ ಮಾಡಿಸಿದ್ದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿನ ಗುಡಿಗೋಪುರಗಳ ಫೋಟೋ ತೆಗೆದಿದ್ದರು. ಹಂಪೆಯನ್ನು ಅರಿಯದಿದ್ದವರು ಲಂಡನ್ನಿನ ಸಾಮಾನ್ಯ ಓದುಗರು. ಸೆವೆಲ್ ಅವರು ಪುಸ್ತಕಕ್ಕೆ ಹೆಸರಿಟ್ಟದ್ದು ಅವರಿಗಾಗಿಯೇ. ಅವರ ಮಟ್ಟಿಗೆ ಆ ಪದ ಸರಿ. ಆದರೆ ಅವರಿಗೆಂದು ಹೊಲಿಸಿದ ಅಂಗಿಯನ್ನು ನಾವು ತೊಟ್ಟುಕೊಂಡದ್ದು ಸರಿಯೆ? ಪುಸ್ತಕದ ಒಳಗೂ ಈ ನೋಟವೇ ಮುಂದಾಗಿದೆ. ಸೆವೆಲ್ ಅವರು ಶಾಸನಗಳನ್ನು ಬಲ್ಲವರು, ಬಳಸಿದ್ದಾರೆ ಕೂಡ. ಆದರೂ ಕಥೆಯ ಓಟ ಹೆಚ್ಚಾಗಿ ಫೆರಿಷ್ತಾ ಮತ್ತು ಪೋರ್ಚುಗೀಸರ ಬೆನ್ನೇರಿ ಸಾಗುತ್ತದೆ. ನಮ್ಮ ಸೀಮೆಯ ಭಾಷೆಗಳ ಕಾವ್ಯಗಳೂ ಇತಿಹಾಸಕ್ಕೆ ಆಕರವೆಂದು ತೋರಿಸಲು 1919ರವರೆಗೆ, ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರ ‘ಸೋರ್ಸಸ್ ಆಫ್ ವಿಜಯನಗರ್ ಹಿಸ್ಟರಿ’ ಬರುವವರೆಗೆ ಕಾಯಬೇಕಾಯಿತು.

ಹಾಗೆಂದು ನಾವು ಏನನ್ನೂ ಮರೆತಿಲ್ಲವೆಂದು ಬೀಗುವಂತಿಲ್ಲ. ಕಮಲ ಮಹಲು, ರಾಣಿಯರ ಸ್ನಾನಗೃಹ ಎಂದು ಇಂದು ಕರೆಯುವ ಕಟ್ಟಡಗಳ ಹೆಸರುಗಳು ಆಮೇಲಿನವರು ಊಹಿಸಿ ಇಟ್ಟವು. ಅಲ್ಲಿ ನಿಜವಾಗಿ ಯಾರಿದ್ದರು, ಆ ಹೆಂಗಸರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದು ಮರೆತುಹೋಗಿದೆ. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ನಮ್ಮ ಹೊಸಪೇಟೆ. ಐನೂರು ವರ್ಷವಾದರೂ ಅದನ್ನು ‘ಹೊಸ’ ಪೇಟೆ ಎನ್ನುತ್ತೇವೆ, ನಾಗಲಾದೇವಿಯ ಹೆಸರನ್ನು ಮಾತ್ರ ನಾಲಗೆಯಿಂದ ಇಳಿಸಿದ್ದೇವೆ. ‘ಫರ್ಗಾಟನ್’ ಪದ ನಿಜವಾಗಿ ಸಲ್ಲುವುದು ಇಂಥಲ್ಲಿ. ಹೆಣ್ಣುಮಕ್ಕಳ ಹೆಸರುಗಳೇ ಮೊದಲು ಕಳೆದವು ಎಂಬುದನ್ನು ನೀವೂ ಗಮನಿಸಿರಬಹುದು.

ಪದ ಕಲಿಸುವಾಗ ಅದರ ನೆರೆಹೊರೆಯನ್ನೂ ಕಲಿಸಬೇಕು. ಜನ ಬಿಟ್ಟುಹೋದದ್ದು ‘ಡೆಸರ್ಟೆಡ್’, ಬಿದ್ದುಹೋದದ್ದು ‘ರೂಯಿನ್ಡ್’, ಆರೈಕೆ ಕಾಣದ್ದು ‘ನೆಗ್ಲೆಕ್ಟೆಡ್’, ಮನಸ್ಸಿನಿಂದಲೇ ಹೋದದ್ದು ‘ಫರ್ಗಾಟನ್’. 1565ರ ನಂತರದ ರಾಜಧಾನಿಗೆ ಮೊದಲ ಎರಡು ಒಪ್ಪುತ್ತವೆ. ಮುಳ್ಳುಕಂಟಿ ಬೆಳೆದ ಎಷ್ಟೋ ಮಂಟಪಗಳಿಗೆ ಮೂರನೆಯದು ಒಪ್ಪುತ್ತದೆ. ನಾಲ್ಕನೆಯದನ್ನು ಬಳಸುವ ಮುನ್ನ ಮಾತ್ರ ಒಂದು ಕ್ಷಣ ನಿಲ್ಲಬೇಕು.

ಇದು ಬರೀ ಪದದ ಜಗಳವೆಂದು ಕೆಲವರಿಗೆ ಅನಿಸೀತು. ಅಲ್ಲ. ಇಲ್ಲಿಯ ಮಕ್ಕಳೇ ಪ್ರಬಂಧ ಬರೆಯುವಾಗ ‘ಹಂಪಿ ಈಸ್ ಎ ಫರ್ಗಾಟನ್ ಸಿಟಿ’ ಎಂದು ತೊಡಗುತ್ತಾರೆ. ವ್ಯಾಕರಣ ಶುದ್ಧವಾಗಿದೆ, ಸ್ಪೆಲಿಂಗೂ ಸರಿ. ಆದರೆ ತೇರಿನ ಹಗ್ಗ ಹಿಡಿದ ತನ್ನ ಅಜ್ಜಿಯನ್ನು ಆ ಮಗು ಆ ಒಂದು ವಾಕ್ಯದಲ್ಲಿ ಇಲ್ಲವಾಗಿಸಿಬಿಡುತ್ತದೆ. 2021ರಲ್ಲಿ ಹೊಸ ಜಿಲ್ಲೆಗೆ ವಿಜಯನಗರ ಎಂಬ ಹೆಸರು ಬಂದಾಗ ಅದು ಯಾವ ಹೆಸರೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ಆದ್ದರಿಂದ ಅಂಥ ವಾಕ್ಯದ ಪಕ್ಕ ನಾನು ತಪ್ಪೆಂದು ಗೀಟು ಹಾಕುವುದಿಲ್ಲ. ಕೆಂಪು ಶಾಯಿಯಲ್ಲಿ ‘ಬೈ ಹೂಮ್?’ ಎಂದು ಎರಡೇ ಪದ ಬರೆಯುತ್ತೇನೆ. ಉತ್ತರವನ್ನು ಮನೆಯಲ್ಲಿ ಕೇಳಿಕೊಂಡು ಬರಲಿ.