ಬೇರಿನ ಶಿಲೀಂಧ್ರಗಳ ವರ್ಗೀಕರಣ: ಶ್ರೇಣಿಯೋ, ವಂಶಾವಳಿಯೋ?

ಬೇರಿಗೆ ಸೋಂಕು ತಗುಲಿಸುವ ಶಿಲೀಂಧ್ರಗಳನ್ನು ಕುರಿತು ಎಸ್. ಡಿ. ಗ್ಯಾರೆಟ್ ಅವರು 1956ರಲ್ಲಿ ಪ್ರಕಟಿಸಿದ ಗ್ರಂಥವು ಸಸ್ಯರೋಗಶಾಸ್ತ್ರದಲ್ಲಿ ಸಲ್ಲತಕ್ಕ ಮನ್ನಣೆಯನ್ನು ಪಡೆದಿದೆ. ಇತಿಹಾಸದ ಅಧ್ಯಾಪಕರಾದ ನಾವು ಅದರಲ್ಲಿನ ವರ್ಗೀಕರಣವನ್ನು ವಿಮರ್ಶೆಗೆ ಎತ್ತಿಕೊಳ್ಳಲು ಕಾರಣವುಂಟು. ಅದು ಜೀವಿಗಳನ್ನು ವಿಂಗಡಿಸುವುದಷ್ಟೇ ಅಲ್ಲದೆ, ಅವುಗಳ ಇತಿಹಾಸವನ್ನೂ ಹೇಳಹೊರಡುತ್ತದೆ.

ಮಣ್ಣಿನಲ್ಲಿ ಸ್ವತಂತ್ರವಾಗಿ ಬಾಳಬಲ್ಲವು ಒಂದು ಬಗೆ. ಪಿಥಿಯಂ, ರೈಜಾಕ್ಟೋನಿಯ ಮೊದಲಾದ ಇವು ಎಳೆಯ ಸಸಿಗಳನ್ನು ಬುಡದಲ್ಲಿಯೇ ಕೊಳೆಯಿಸುತ್ತವೆ. ಆಶ್ರಯ ಕೊಟ್ಟ ಸಸ್ಯದ ಬೇರನ್ನೂ ಅದರ ಅವಶೇಷವನ್ನೂ ಬಿಟ್ಟು ಹೆಚ್ಚುಕಾಲ ಬಾಳಲಾರದವು ಮತ್ತೊಂದು ಬಗೆ. ಗ್ಯಾರೆಟ್ ಅವರು 1929ರಿಂದ ಅಡಿಲೇಡಿನಲ್ಲಿ ಅಭ್ಯಸಿಸಿದ ಗೋಧಿಯ ಬೇರುಕೊಳೆಯ ಶಿಲೀಂಧ್ರವು ಇಂತಹದು. ಬೆಳೆಯನ್ನು ಬದಲಾಯಿಸಿದರೆ ಈ ಎರಡನೆಯದು ಏಕೆ ಕ್ಷೀಣಿಸುತ್ತದೆಂಬುದನ್ನು ಈ ವಿಂಗಡಣೆ ಚೆನ್ನಾಗಿ ವಿವರಿಸುತ್ತದೆ. ಇಲ್ಲಿಯವರೆಗೆ ನಮ್ಮ ಆಕ್ಷೇಪವಿಲ್ಲ.

ಆದರೆ ಕೊಳೆತಿನಿಯಿಂದ ಸಾಮಾನ್ಯ ಪರೋಪಜೀವಿ, ಅದರಿಂದ ವಿಶಿಷ್ಟ ಪರೋಪಜೀವಿ, ಕೊನೆಗೆ ಬೇರಿನೊಡನೆ ಸಹಜೀವನ ಎಂದು ಇದನ್ನೇ ವಿಕಾಸದ ಸೋಪಾನವಾಗಿ ಓದಿದಾಗ ತೊಡಕು ಹುಟ್ಟುತ್ತದೆ. ಇಂದು ಬದುಕಿರುವ ಜೀವಿಗಳನ್ನು ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಮೊದಲನೆಯದು ಪೂರ್ವಜನೂ ಕೊನೆಯದು ಸಂತತಿಯೂ ಆಗುವುದಿಲ್ಲ. ಕಾಲವಿಲ್ಲದ ಶಾಸನಗಳನ್ನು ಲಿಪಿಯ ಸರಳತೆಯೊಂದರಿಂದಲೇ ಕಾಲಾನುಕ್ರಮದಲ್ಲಿ ಜೋಡಿಸುವವನ ತಪ್ಪು ಇಂತಹದೇ.

ಈಚಿನ ಸಾಕ್ಷ್ಯಗಳು ಸೋಪಾನವನ್ನು ಅಲುಗಿಸಿವೆ. ಸ್ಕಾಟ್ಲೆಂಡಿನ ರೈನಿ ಶಿಲೆಯಲ್ಲಿ ದೊರೆತ, ಸುಮಾರು 40 ಕೋಟಿ ವರ್ಷಗಳ ಹಿಂದಿನ ಸಸ್ಯಗಳೊಳಗೆ ಸಹಜೀವಿ ಶಿಲೀಂಧ್ರಗಳಿವೆ. ತುದಿಯ ಮೆಟ್ಟಿಲೆಂದು ಎಣಿಸಿದ್ದು, ನಿಜವಾದ ಬೇರುಗಳು ರೂಪುಗೊಳ್ಳುವ ಮೊದಲೇ ಇದ್ದಿತು! ಮರಗಳ ಬೇರನ್ನು ಹೊರಗಿನಿಂದ ಕವಿಯುವ ಸಹಜೀವಿಗಳಾದರೋ ಕೊಳೆತಿನಿಗಳಿಂದ ಹಲವು ಬಾರಿ ಪ್ರತ್ಯೇಕವಾಗಿ ಹುಟ್ಟಿದುವೆಂದು 2015ರಲ್ಲಿ ಪ್ರಕಟವಾದ ಜೀನೋಮುಗಳ ತುಲನೆ ತೋರಿಸಿತು. ಅಲ್ಲಿ ಗ್ಯಾರೆಟ್ ಅವರ ದಿಕ್ಕು ಸರಿಯೇ. ದಾರಿ ಮಾತ್ರ ಒಂದಲ್ಲ. ಇನ್ನು ಪಿಥಿಯಂ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ದಾಯಾದಿ.

ಇದು ಕೇವಲ ಪಂಡಿತರ ವಾದವಲ್ಲ. ಒಂದೇ ಮೆಟ್ಟಿಲಿನಲ್ಲಿ ಕುಳಿತ ಪಿಥಿಯಂ ಮತ್ತು ರೈಜಾಕ್ಟೋನಿಯಗಳಲ್ಲಿ ಮೆಟಲಾಕ್ಸಿಲ್ ಎಂಬ ಔಷಧವು ಮೊದಲನೆಯದನ್ನು ತಡೆಯುತ್ತದೆ, ಎರಡನೆಯದನ್ನು ತಡೆಯಲಾರದು. ಸಸಿಮಡಿಯಲ್ಲಿ ರೋಗದ ಲಕ್ಷಣ ಒಂದೇ ಆದರೂ ವಂಶ ಬೇರೆಯಾದುದರಿಂದ ಮದ್ದೂ ಬೇರೆ.

ಆದುದರಿಂದ ಗ್ಯಾರೆಟ್ ಅವರ ವರ್ಗಗಳನ್ನು ಬದುಕುವ ರೀತಿಯ ವರ್ಣನೆಯೆಂದು ಉಳಿಸಿಕೊಂಡು, ವಂಶಾವಳಿಯೆಂದು ಬೋಧಿಸುವುದನ್ನು ಕೈಬಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.