ಕೊರಳು ಯಾರದು, ಖಾತೆ ಯಾರದು?

ನಮ್ಮ ಜಾನಪದ ಸಂಗ್ರಹಗಳಲ್ಲಿ ಒಂದು ಪದ್ಧತಿ ಉಂಟು. ಮುಖಪುಟದ ಮೇಲೆ ಸಂಪಾದಕರ ಹೆಸರು. ಒಳಗೆಲ್ಲೋ ಸಣ್ಣಕ್ಷರದಲ್ಲಿ ‘ಹೇಳಿದವರು’. ಈಗ ಸಂಪಾದಕರ ಜಾಗಕ್ಕೆ ಯೂಟ್ಯೂಬ್ ಚಾನೆಲ್ ಬಂದಿದೆ. ಹೇಳಿದವರ ಸಣ್ಣಕ್ಷರವೂ ಹಲವು ಕಡೆ ಅಳಿಸಿಹೋಗಿದೆ. ಇದನ್ನು ತಂತ್ರಜ್ಞಾನದ ಪ್ರಶ್ನೆ ಎಂದು ಬಿಡುವಂತಿಲ್ಲ, ಇದು ಜಾತಿಯ ಪ್ರಶ್ನೆಯೂ ಹೌದು.

ಯೂಟ್ಯೂಬಿಗಾಗಿ ಆಕ್ಸ್‌ಫರ್ಡ್ ಎಕನಾಮಿಕ್ಸ್ ಸಿದ್ಧಪಡಿಸಿದ ವರದಿಯೊಂದು 2022ರಲ್ಲಿ ಬಂತು. ಈ ವೇದಿಕೆಯ ಸೃಜನಶೀಲ ವಹಿವಾಟು 2020ರಲ್ಲಿ ದೇಶದ ಒಟ್ಟು ಉತ್ಪನ್ನಕ್ಕೆ 6,800 ಕೋಟಿ ರೂಪಾಯಿ ಸೇರಿಸಿತು, 6,83,900 ಪೂರ್ಣಾವಧಿ ಉದ್ಯೋಗಗಳಿಗೆ ಸಮನಾದ ದುಡಿಮೆಗೆ ಆಸರೆಯಾಯಿತು ಎಂದು ಅದರ ಲೆಕ್ಕ. ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಈ ಲೆಕ್ಕದೊಳಗೆ ಯಾರಿದ್ದಾರೆ? ಹಾಡಿದವ್ವಗೆ ಏನ್ ಬಂತು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವತ್ತು ವಿಜಯನಗರ ಜಿಲ್ಲೆಯಲ್ಲಿವೆ. ಇದು ಬರದ ಸೀಮೆ, ಹಾಡಿನ ಸೀಮೆಯೂ ಹೌದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡಕ್ಕೆ ಹುಣ್ಣಿಮೆಗೆ ಹೋಗುವವರ ಕೊರಳಲ್ಲಿ ಎಲ್ಲಮ್ಮನ ಪದಗಳಿವೆ, ಕೈಯಲ್ಲಿ ಚೌಡಿಕೆ ಇದೆ. ದೇವರಿಗೆ ಬಿಟ್ಟ ಹೆಣ್ಣುಮಕ್ಕಳಲ್ಲಿ ಬಹುಪಾಲು ನಮ್ಮ ಕೇರಿಗಳವರು. ಊರು ಆಕೆಯ ಹಾಡಿಗೆ ಪಡಲಗಿಗೆ ಹಿಡಿ ಜೋಳ ಹಾಕಿತು. ಅದು ಕೂಲಿಯಲ್ಲ, ಭಿಕ್ಷೆ. ಹಾಡುವುದನ್ನು ಜಾತಿ ಆಕೆಗೆ ಕರ್ತವ್ಯ ಮಾಡಿತು, ಹಕ್ಕು ಮಾಡಲಿಲ್ಲ.

ಯೂಟ್ಯೂಬಿನ ವ್ಯವಸ್ಥೆ ಗುರುತಿಸುವುದು ಕೊರಳನ್ನಲ್ಲ, ಖಾತೆಯನ್ನು. ಮಾಮೂಲಿ ವಿಡಿಯೋಗಳ ಜಾಹೀರಾತು ಹಣದಲ್ಲಿ ಪಾಲು ಬೇಕಾದರೆ ಸಾವಿರ ಚಂದಾದಾರರು, ವರ್ಷಕ್ಕೆ ನಾಲ್ಕು ಸಾವಿರ ಗಂಟೆಯ ವೀಕ್ಷಣೆ ಬೇಕೆಂಬ ನಿಯಮ 2018ರಲ್ಲಿ ಬಂತು. ಆಮೇಲೆ ಆ ಹಣದ ಶೇಕಡಾ 55 ಖಾತೆದಾರನಿಗೆ. ಖಾತೆಗೆ ಇಮೇಲ್ ಬೇಕು, ಬ್ಯಾಂಕ್ ಬೇಕು, ವಿಳಾಸ ಬೇಕು. ಜಾತ್ರೆಯಲ್ಲಿ ಮೊಬೈಲ್ ಹಿಡಿದು ನಿಂತವನಿಗೆ ಇವೆಲ್ಲ ಇವೆ. ಎದುರಿಗೆ ಕೂತು ಹಾಡುವ ಮುದುಕಿಗೆ? ಹಳೇ ಊರಗೌಡಿಕೆ ಹೊಸ ರೂಪದಲ್ಲಿ ಬರುವುದು ಹೀಗೆ.

ಪರಂಪರೆಯ ಪದ ಯಾರ ಸೊತ್ತೂ ಅಲ್ಲ, ಯಾರಾದರೂ ಹಾಕಿಕೊಳ್ಳಬಹುದು ಎಂಬ ವಾದವಿದೆ. ಪದ ಎಲ್ಲರದೂ ಇರಬಹುದು, ಹಾಡಿಕೆ ಎಲ್ಲರದಲ್ಲ. ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವವರಿಗೆ, ಆಡುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. 2012ರ ತಿದ್ದುಪಡಿ ಅದನ್ನು ಬಲಪಡಿಸಿ, ವ್ಯಾಪಾರಕ್ಕೆ ಬಳಸಿದರೆ ರಾಯಧನ ಎಂದಿತು. ಕಾನೂನು ಪುಸ್ತಕದಲ್ಲಿದೆ, ಕೇರಿಗೆ ಬಂದಿಲ್ಲ.

ಇನ್ನೊಂದು ಅಪಾಯವಿದೆ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. ಸರ್ಕಾರದ ಎರಡು ಸಮೀಕ್ಷೆಗಳು ಸೇರಿ 46,660 ಮಹಿಳೆಯರನ್ನು ಗುರುತಿಸಿದವು. ಆಕೆಯ ಮುಖವನ್ನೇ ವಿಡಿಯೋದ ಮೇಲಿನ ಚಿತ್ರ ಮಾಡಿ, ಒಬ್ಬ ‘ನಮ್ಮ ಸಂಸ್ಕೃತಿ’ ಎಂದು ಬರೆಯಬಹುದು, ಇನ್ನೊಬ್ಬ ‘ಬೆಚ್ಚಿಬೀಳಿಸುವ ಸತ್ಯ’ ಎಂದು ಬರೆಯಬಹುದು. ಎರಡರಲ್ಲೂ ಆಕೆ ನೋಟದ ಸರಕೇ. ಆಕೆಯ ಒಪ್ಪಿಗೆ ಕೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಹಾಗೆಂದು ‘ಮೂಲ ಜಾನಪದ ಕೆಟ್ಟುಹೋಯಿತು’ ಎಂದು ಅಳುವವರ ಸಾಲಿಗೆ ದಲಿತ ವಿಮರ್ಶೆ ಸೇರಬಾರದು. ಆ ಶುದ್ಧ ಮೂಲದಲ್ಲಿ ನಮ್ಮವರು ಗುಡಿಯ ಹೊರಗಿದ್ದರು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ, ಕೇರಿಯ ಹುಡುಗರು ಅಂಬೇಡ್ಕರ್ ಪದಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಕೇಳಿದರು, ತಾವೂ ಹಾಡಿ ಹಾಕಿದರು. ಇದು ಸಣ್ಣ ಬಿಡುಗಡೆಯಲ್ಲ. ಆದರೆ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ದೇಶದ ತುಂಬ ಅದರಲ್ಲಿ ಹೆಸರು ಮಾಡಿದ್ದವರ ವೇದಿಕೆ ಒಂದೇ ರಾತ್ರಿಗೆ ಹೋಯಿತು. ಮಂದಿ ಹೊಲದಲ್ಲಿ ಮನೆ ಕಟ್ಟಿದರೆ ಹಿಂಗೇ.

ಪಕ್ಕದ ಸಂಡೂರು ಸೀಮೆಯ ದರೋಜಿ ಈರಮ್ಮ ಅಲೆಮಾರಿ ಬುಡ್ಗಜಂಗಮ ಸಮುದಾಯದ ಬುರ್ರಕಥಾ ಗಾಯಕಿ. 2014ರಲ್ಲಿ ತೀರಿಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಯ ಕಾವ್ಯಗಳನ್ನು ಅಚ್ಚು ಮಾಡಿತು, ನಾಡೋಜ ಗೌರವ ಕೊಟ್ಟಿತು. ಹೆಸರು ಉಳಿದದ್ದರಿಂದ ಇವತ್ತು ನಾವು ಆಕೆಯನ್ನು ಕವಿ ಎಂದು ಚರ್ಚಿಸಬಹುದು. ಹೆಸರಿಲ್ಲದ ವಿಡಿಯೋದಲ್ಲಿ ಹಾಡುವವಳು ಲಕ್ಷ ಜನ ನೋಡಿದ ಮೇಲೂ ಕವಿಯಾಗುವುದಿಲ್ಲ, ‘ಹಳ್ಳಿ ಪ್ರತಿಭೆ’ಯಾಗಿಯೇ ಉಳಿಯುತ್ತಾಳೆ.

ಆದ್ದರಿಂದ ನಮ್ಮ ವಿಮರ್ಶೆ ಪಠ್ಯದ ಜೊತೆಗೆ ಅದರ ಕೆಳಗಿನ ವಿವರವನ್ನೂ ಓದಬೇಕು. ಹಾಡಿದವರ ಹೆಸರೇನು, ಊರು ಯಾವುದು, ಒಪ್ಪಿಗೆ ಇತ್ತೇ, ಪಾಲು ಎಷ್ಟು? ಹಾಡುವ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಸಂಘದ ಹೆಸರಲ್ಲೇ ಚಾನೆಲ್ ತೆರೆಯಲು ಓದಿದ ನಾವು ಕೈಜೋಡಿಸಬೇಕು. ಇಮೇಲ್, ಬ್ಯಾಂಕ್ ಪುಸ್ತಕ ಮಾಡಿಕೊಡುವುದು ವಿಮರ್ಶಕನ ಕೆಲಸವೇ ಎಂದು ಯಾರಾದರೂ ಕೇಳಬಹುದು. ಅಕ್ಷರವನ್ನು ನಮ್ಮಿಂದ ದೂರ ಇಟ್ಟ ಸಮಾಜದಲ್ಲಿ ಅದೂ ವಿಮರ್ಶೆಯೇ.